ಅಲ್ಲೇ ಇರಿ, ಬರ್ತಿದ್ದೀನಿ

ಗಂಟೆ ಹೊಡೆದಾಗ ಅವಳು ಒಂದು ನೀಲಿಯ ಜೊತೆ ಜಗಳಕ್ಕೆ ಬಿದ್ದಿದ್ದಳು.

ಹೊಲಿಗೆ ದಾರ ಮಾಡುವ ಕಂಪನಿಯ ಐದನೇ ಮಹಡಿಯಲ್ಲಿ, ಉತ್ತರದ ಕಿಟಕಿಗೆ ಒತ್ತಿಕೊಂಡು ಅವಳ ಮೇಜು. ಗಿರಾಕಿಗಳು ಕಳಿಸುವ ಬಟ್ಟೆಯ ಚೂರಿಗೆ ಸರಿಹೊಂದುವ ದಾರದ ಬಣ್ಣ ಹುಡುಕಿಕೊಡುವುದು ಅವಳ ಕೆಲಸ. ನೇರ ಬಿಸಿಲು ಬೀಳದ ಆ ಕಿಟಕಿಯ ಬೆಳಕಿನಲ್ಲಿ ಮಾತ್ರ ಎರಡು ಬಣ್ಣ ಒಂದೇ ಹೌದೋ ಅಲ್ಲವೋ ಗೊತ್ತಾಗುತ್ತಿತ್ತು. ಇಡೀ ಕಚೇರಿಗೆ ಅವಳು ಬಣ್ಣದಕ್ಕ. ಅವಳಿಗಿಂತ ದೊಡ್ಡವರೂ ಸಂಕೋಚವಿಲ್ಲದೆ ಅಕ್ಕ ಎನ್ನುತ್ತಿದ್ದರು. ಆವತ್ತು ಬಂದಿದ್ದ ಚೂರು ಯಾರದೋ ಹಳೇ ಕೋಟಿನದು. ಕಪಾಟಿನಲ್ಲಿದ್ದ ನೀಲಿಗಳನ್ನೆಲ್ಲ ಪಕ್ಕಕ್ಕಿಟ್ಟು ನೋಡಿದರೂ ಒಂದೂ ಒಗ್ಗುತ್ತಿರಲಿಲ್ಲ.

"ಡ್ರಿಲ್ಲು, ಡ್ರಿಲ್ಲು! ನಿಜವಾದ ಬೆಂಕಿ ಅಲ್ಲ, ಬ್ಯಾಗ್ ಬಿಟ್ಟು ನಡೀರಿ!" ಎಂದು ಕೂಗುತ್ತ ಪ್ಯಾಕಿಂಗ್ ವಿಭಾಗದ ಹೆಂಗಸು ಓಡಿದಳು. ಯಾವ ಸುದ್ದಿಯೂ ಅವಳ ಹೊಟ್ಟೆಯಲ್ಲಿ ನಿಲ್ಲದ ಕಾರಣ ಅವಳ ಹೆಸರು ರೇಡಿಯೋ.

ಬಣ್ಣದಕ್ಕ ನೀಲಿಗೆ ಒಂದು ಕೆಟ್ಟ ನೋಟ ಬೀರಿ, ಊರುಗೋಲು ತೆಗೆದುಕೊಂಡು ಎದ್ದಳು. ಚಿಕ್ಕಂದಿನಲ್ಲಿ ಮುರಿದು ನೆಟ್ಟಗೆ ಕೂಡದೆ ಉಳಿದ ಎಡಗಾಲು ಅವಳದು. ಲಿಫ್ಟಿನಲ್ಲಿ ಬರುತ್ತಾಳೆ, ಲಿಫ್ಟಿನಲ್ಲಿ ಹೋಗುತ್ತಾಳೆ. ಗಂಟೆ ಹೊಡೆದರೆ ಲಿಫ್ಟು ಬಂದ್. ಆಗ ಮೆಟ್ಟಿಲು. ಕೋಲು, ಕೆಟ್ಟ ಕಾಲು, ಒಳ್ಳೇ ಕಾಲು. ಕೋಲು, ಕೆಟ್ಟ ಕಾಲು, ಒಳ್ಳೇ ಕಾಲು. ಜನ ಎರಡೂ ಕಡೆಯಿಂದ ಅವಳನ್ನು ದಾಟಿ ಹೋದರು. ಸ್ವಲ್ಪ ಹೊತ್ತಿಗೆ ಮೆಟ್ಟಿಲು ಖಾಲಿಯಾಯಿತು.

ಮೂರನೇ ಮಹಡಿಯ ಹತ್ತಿರ, ಖಾಲಿ ಮೆಟ್ಟಿಲಲ್ಲಿ ಒಬ್ಬ ಮಾತ್ರ ಮೇಲೆ ಬರುತ್ತಿದ್ದ. ಹಳದಿ ಜಾಕೆಟ್, ಕೈಯಲ್ಲಿ ಟಾರ್ಚು, ಮುಖದ ತುಂಬ ಬೆವರು.

"ನೀವು ಇಲ್ಲಿರೋ ಹಾಗಿಲ್ಲ," ಎಂದ ಏದುಸಿರಿನಲ್ಲಿ.

"ಮತ್ತೆ ಎಲ್ಲಿರ್ಬೇಕಿತ್ತು?"

"ಐದನೇ ಮಹಡೀಲೇ. ಮೆಟ್ಟಿಲ ಬಾಗಿಲ ಒಳಗಡೆ, ಹಸಿರು ಬೋರ್ಡಿನ ಕೆಳಗೆ. ಆ ಬಾಗಿಲು ಬೆಂಕೀನ ತಡೆಯುತ್ತೆ. ಅಲ್ಲಿ ಒಂದು ಫೋನಿದೆ. ಅದನ್ನ ಎತ್ತಿದ್ರೆ ನಾನು ಬರ್ತಿದ್ದೆ."

"ನಾನೇನು ಹೂಕುಂಡಾನಾ, ಇಟ್ಟಲ್ಲೇ ಇರೋಕೆ?"

ಅವನು ಕಣ್ಣು ಪಿಳಿಪಿಳಿ ಮಾಡಿದ. ಹೊಸದಾಗಿ ಬಂದ ಸುರಕ್ಷತಾ ಅಧಿಕಾರಿ ಇವನೇ ಎಂದು ಅವಳಿಗೆ ಅರ್ಥವಾಯಿತು. ಬಂದ ವಾರದಿಂದ ಗಂಟೆ ಪರೀಕ್ಷೆ ಮಾಡುತ್ತಲೇ ಇದ್ದದ್ದರಿಂದ ರೇಡಿಯೋ ಅವನಿಗೆ ಗಂಟೆರಾಯ ಎಂದು ನಾಮಕರಣ ಮಾಡಿ ಮುಗಿಸಿದ್ದಳು.

"ಹೂಕುಂಡ ಅಂತ ಅಲ್ಲ..." ಎಂದು ಅವನು ಶುರು ಮಾಡಿದ.

"ಒಂದ್ಸಲ ಅಲ್ಲೇ ಇದ್ದು ನೋಡಿದ್ದೀನಿ. ದಾರಿ ಬಿಡಿ."

ಅವನು ದಾರಿ ಬಿಟ್ಟ. ಆದರೆ ಹೋಗಲಿಲ್ಲ. ಅವಳಿಗಿಂತ ಒಂದು ಮೆಟ್ಟಿಲು ಮುಂದೆ, ಅವಳದೇ ವೇಗದಲ್ಲಿ, ಹಿಂದೆ ತಿರುಗದೆ ಇಳಿದ. ಬಿದ್ದರೆ ತನ್ನ ಮೇಲೆ ಬೀಳಲಿ ಎನ್ನುವ ಲೆಕ್ಕ ಎಂದು ಅವಳಿಗೆ ಗೊತ್ತಾಗಿ ಮೈಯೆಲ್ಲ ಉರಿಯಿತು.

ಆ ಒಂದು ಸಲದ ಕತೆ ಇಷ್ಟೇ. ಹಿಂದೊಂದು ಡ್ರಿಲ್ಲಿನಲ್ಲಿ ಅವಳು ನಿಯಮದ ಪ್ರಕಾರ ಹಸಿರು ಬೋರ್ಡಿನ ಕೆಳಗೆ ಕಾದಿದ್ದಳು. ಫೋನ್ ಎತ್ತಿದ್ದಳು. ಕೆಳಗೆ ಫೋನ್ ಕಾಯಬೇಕಾದವನು ಎಲ್ಲರ ಜೊತೆ ಅಂಗಳದಲ್ಲಿ ಟೀ ಕುಡಿಯುತ್ತಿದ್ದ. ಗಂಟೆ ನಿಂತಿತು, ಜನ ಲಿಫ್ಟಿನಲ್ಲಿ ನಗುತ್ತ ಮೇಲೆ ಬಂದರು. ಯಾರೋ ಮೆಟ್ಟಿಲ ಬಾಗಿಲು ತೆಗೆದು, "ಅಯ್ಯೋ, ನೀನು ಇಲ್ಲೇ ಇದ್ದೀಯಾ!" ಎಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗುವುದು ಅವಳಿಗೆ ಬರುತ್ತಿತ್ತು. ಆದರೆ ಆವತ್ತು ಮನೆಗೆ ಹೋಗುವಾಗ ಬಸ್ಸಿನ ಕಿಟಕಿಗೆ ಮುಖ ಮಾಡಿಕೊಂಡು ಅತ್ತಿದ್ದಳು. ಅಲ್ಲಿಂದ ಮುಂದೆ ಯಾರಿಗೂ ಕಾಯುವುದಿಲ್ಲವೆಂದು ತೀರ್ಮಾನಿಸಿದ್ದಳು, ಮೆಟ್ಟಿಲಲ್ಲಿ ಮಾತ್ರವಲ್ಲ.

*

ಮುಂದಿನ ವಾರ ಮ್ಯಾನೇಜರ್ ಅವಳನ್ನು ಕರೆದು, ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಮಾತಾಡಿದರು. "ನಿಮ್ಮ ಒಳ್ಳೇದಕ್ಕೇ ಕಣಮ್ಮ. ನಿಮ್ಮ ಮೇಜನ್ನ ಗ್ರೌಂಡ್ ಫ್ಲೋರಿಗೆ ಹಾಕ್ಸೋಣ ಅಂತ. ಸ್ಟೋರ್ ಪಕ್ಕದ ರೂಮು. ಮೆಟ್ಟಿಲ ಗೋಜೇ ಇಲ್ಲ."

"ಸಾರ್, ಅಲ್ಲಿ ಕಿಟಕಿ ಇಲ್ಲ."

"ಟ್ಯೂಬ್‌ಲೈಟ್ ಇದೆಯಲ್ಲ. ಇನ್ನೊಂದು ಬೇಕಾದ್ರೆ ಹಾಕ್ಸೋಣ."

ಟ್ಯೂಬ್‌ಲೈಟಿನ ಕೆಳಗೆ ಬಣ್ಣ ನೋಡುವುದೆಂದರೆ ಮೂಗು ಕಟ್ಟಿಕೊಂಡು ಅಡುಗೆಯ ರುಚಿ ನೋಡಿದ ಹಾಗೆ. ಆ ಕೆಲಸ ಕೈಬಿಟ್ಟು ಹೋಗುತ್ತದೆ, ಆಮೇಲೆ ರೀಲಿಗೆ ಚೀಟಿ ಅಂಟಿಸುವ ಕೆಲಸ ಕೊಡುತ್ತಾರೆ ಎಂದು ಅವಳಿಗೆ ಅಲ್ಲೇ ಕಂಡುಹೋಯಿತು. ಹೊರಗೆ ಬಂದರೆ ರೇಡಿಯೋ ಕಾದಿದ್ದಳು. "ಗಂಟೆರಾಯಂದೇ ಕಿತಾಪತಿ ಅಂತೆ ಕಣೆ. ನಿನ್ನ ಬಗ್ಗೆ ಅವನೇ ವರದಿ ಕೊಟ್ಟಿದ್ದಂತೆ."

ಅವಳು ನೇರ ಕೆಳಗೆ ಹೋದಳು. ಗಂಟೆರಾಯನ ಕೋಣೆ ಮುಂಬಾಗಿಲ ಪಕ್ಕ. ಗೋಡೆಯ ತುಂಬ ಮಹಡಿ ಮಹಡಿಯ ಕೆಂಪು ಹಸಿರು ದೀಪ, ಸಂದರ್ಶಕರಿಗೆ ಕೊಡುವ ಬಿಲ್ಲೆಗಳ ಸಾಲು, ಒಂದು ಫೋನು. ಅವನು ನೆಲದ ಮೇಲೆ ಕೂತು ಯಾವುದೋ ಮಡಚುವ ಕುರ್ಚಿಯ ಗಾಲಿಗೆ ಎಣ್ಣೆ ಬಿಡುತ್ತಿದ್ದ. ಕುರ್ಚಿಯ ಹಿಂದೆ ಹಿಡಿ, ಕೆಳಗೆ ರಬ್ಬರಿನ ಪಟ್ಟಿ. ಕುರ್ಚಿಯಲ್ಲಿ ಒಂದು ಮರಳಿನ ಮೂಟೆ ಸೀಟ್‌ಬೆಲ್ಟ್ ಹಾಕಿಕೊಂಡು ಗಂಭೀರವಾಗಿ ಕೂತಿತ್ತು.

"ನನ್ನ ಕಿಟಕಿ ಕಿತ್ಕೊಂಡಿರಲ್ಲ, ನಿಮಗೆ ಸಮಾಧಾನ ಆಯ್ತಾ?"

ಅವನು ಎದ್ದು ನಿಂತ. "ನಾನು ಬರೆದಿದ್ದು ನಿಜ. ಐದನೇ ಮಹಡಿಯವರೊಬ್ಬರು ಒಂಟಿಯಾಗಿ ಮೆಟ್ಟಿಲು ಇಳಿದ್ರು, ಹೀಗಾಗಬಾರದು ಅಂತ. ನಾವು ಸರಿಯಾಗಿ ಕೆಲಸ ಮಾಡ್ಬೇಕು ಅನ್ನೋ ಅರ್ಥದಲ್ಲಿ. ಅವರು ನಿಮ್ಮನ್ನೇ ಎತ್ತಿ ಕೆಳಗಿಡೋಣ ಅಂದ್ಕೊಂಡ್ರು."

"ಅರ್ಥ ಬೇರೆ ಆದ್ರೇನು, ಮೇಜು ಒಂದೇ ತಾನೆ."

"ಅದಕ್ಕೇ ಮುಂದಿನ ಡ್ರಿಲ್‌ವರೆಗೆ ಸಮಯ ಕೇಳಿದ್ದೀನಿ. ಆವತ್ತು ನಿಮ್ಮನ್ನ ಈ ಕುರ್ಚೀಲಿ, ಎಲ್ಲರ ಜೊತೇಲಿ, ಸರಿಯಾಗಿ ಅಂಗಳ ಮುಟ್ಟಿಸಿದ್ರೆ ಮೇಜು ಅಲ್ಲೇ ಇರುತ್ತೆ. ಒಪ್ಪಿದ್ದಾರೆ." ಅವನು ಮೂಟೆಯ ಕಡೆ ನೋಡಿದ. "ಒಬ್ರು ಬೇಕು ನನಗೆ ಅಭ್ಯಾಸಕ್ಕೆ. ಇದು ಚೆನ್ನಾಗಿ ಕೂರುತ್ತೆ, ಆದ್ರೆ ನೋವಾಯ್ತಾ, ಭಯ ಆಯ್ತಾ ಅಂದ್ರೆ ಬಾಯೇ ಬಿಡಲ್ಲ."

ಅವಳಿಗೆ ನಗು ಬಂತು. ಸಿಟ್ಟಿನಲ್ಲಿ ಇರುವಾಗ ನಗು ಬಂದರೆ ಇನ್ನಷ್ಟು ಸಿಟ್ಟು ಬರುತ್ತದೆ, ಅದೂ ಬಂತು.

"ನನ್ನನ್ನ ಬೀಳಿಸಿದ್ರೆ?"

"ಬೀಳಿಸಲ್ಲ."

ಅವನು ಅದನ್ನು ಆಣೆ ಪ್ರಮಾಣದ ಹಾಗೆ ಹೇಳಲಿಲ್ಲ. ನಾಳೆ ಬುಧವಾರ ಎನ್ನುವ ಹಾಗೆ ಹೇಳಿದ. ಅವಳು ಆ ದನಿಗೇ ಸೋತಳು ಎಂದರೆ ಈಗ ಒಪ್ಪುತ್ತಾಳೆ. ಆಗ ಕೇಳಿದ್ದರೆ ಕೋಲು ಬೀಸುತ್ತಿದ್ದಳು.

*

ಅಭ್ಯಾಸ ಊಟದ ಬಿಡುವಿನಲ್ಲಿ. ಅವಳು ಹಸಿರು ಬೋರ್ಡಿನ ಕೆಳಗೆ ನಿಂತು ಗೋಡೆಯ ಫೋನ್ ಎತ್ತುವುದು, ಅವನು ಕೆಳಗಿನಿಂದ ಉತ್ತರಿಸುವುದು, ಮೇಲೆ ಬರುವುದು, ಕುರ್ಚಿ ಬಿಚ್ಚುವುದು, ಇಳಿಸುವುದು. ಪ್ರತಿ ಸಲವೂ ಮೊದಲಿನಿಂದ. ಒಂದು ಹೆಜ್ಜೆ ಬಿಟ್ಟು ಹಾರಿದರೂ ಅವನಿಗೆ ಆಗದು.

"ಕೇಳಿಸ್ತಿದೆಯಾ?"

"ಕೇಳಿಸ್ತಿದೆ. ಯಾವ ಮಹಡಿ?"

"ಯಾವ ಮಹಡಿ ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತು. ಆದ್ರೂ ಕೇಳ್ಬೇಕು."

"ಐದು."

"ಅಲ್ಲೇ ಇರಿ, ಬರ್ತಿದ್ದೀನಿ."

ಆಮೇಲೆ ಕಾಯುವುದು. ಮೊದಲ ದಿನ ಆ ಕಾಯುವಿಕೆಯಲ್ಲಿ ಅವಳ ಅಂಗೈ ಬೆವರಿ ಕೋಲು ಜಾರಿತು. ಹಿಂದಿನ ನಗುವೆಲ್ಲ ಕಿವಿಯಲ್ಲಿ ಕೇಳಿಸಿತು. ಅಷ್ಟರಲ್ಲಿ ಕೆಳಗಿನಿಂದ ಬೂಟಿನ ಸದ್ದು ಬಂತು, ಹತ್ತಿರವಾಯಿತು, ಹಳದಿ ಜಾಕೆಟ್ ತಿರುವಿನಲ್ಲಿ ಕಾಣಿಸಿತು. ಅವಳು ಕೋಲನ್ನು ಮತ್ತೆ ನೆಟ್ಟಗೆ ಹಿಡಿದಳು. ಅವನು ಅದನ್ನು ನೋಡಿ, ಕುರ್ಚಿ ಬಿಚ್ಚಲು ಬಗ್ಗಿದ.

ಕುರ್ಚಿಯಲ್ಲಿ ಒಂದು ವಿಚಿತ್ರ ಉಂಟು. ಕೂತವರ ಮುಖ ಮುಂದಕ್ಕೆ, ಹಿಡಿದವರು ಹಿಂದೆ. ಒಬ್ಬರಿಗೊಬ್ಬರ ಮುಖ ಕಾಣುವುದಿಲ್ಲ. ಕಾಣುವುದು ಇಳಿಜಾರಿನ ಮೆಟ್ಟಿಲು ಮಾತ್ರ, ಕೇಳುವುದು ತಲೆಯ ಮೇಲಿನಿಂದ ಬರುವ ಒಂದು ದನಿ. ರಬ್ಬರಿನ ಪಟ್ಟಿ ಮೆಟ್ಟಿಲ ಅಂಚನ್ನು ಕಚ್ಚಿಕೊಂಡು ಬುಸ್ಸೆಂದು ಇಳಿಯುತ್ತದೆ. ಮೊದಲ ಸಲ ಅವಳು ಕಣ್ಣು ಮುಚ್ಚಿ ಎರಡೂ ಕೈಯಲ್ಲಿ ಬೆಲ್ಟು ಹಿಡಿದಿದ್ದಳು.

"ಭಯ ಆಗ್ತಿದೆಯಾ?"

"ಇಲ್ಲ."

"ಮೂಟೇನೂ ಹೀಗೇ ಅಂತಿತ್ತು."

"ಮೂಟೆ ಮಾತಾಡಲ್ಲ ಅಂದ್ರಿ!"

"ನೀವು ಬಂದ್ಮೇಲೆ ಹೊಟ್ಟೆಕಿಚ್ಚಿಗೆ ಶುರು ಮಾಡಿದೆ."

ಅವಳು ಕಣ್ಣು ತೆಗೆದು ಜೋರಾಗಿ ನಕ್ಕಳು. ಆ ನಗು ಮೆಟ್ಟಿಲ ಗೂಡಿನಲ್ಲಿ ಐದೂ ಮಹಡಿ ಸುತ್ತಿ ವಾಪಸು ಬಂತು. ಮೇಲೆ ಬಾಗಿಲ ಸಂದಿಯಲ್ಲಿ ಕಿವಿ ಇಟ್ಟಿದ್ದ ರೇಡಿಯೋಗೆ ಆವತ್ತಿನ ಮಧ್ಯಾಹ್ನದ ವಾರ್ತೆ ಸಿಕ್ಕಿತು.

ಆಮೇಲಿನ ದಿನಗಳಲ್ಲಿ ಅವಳು ಗಮನಿಸಿದ್ದು ಅವನ ಕಿವಿ. ಅಧಿಕಾರಿಯ ಹಾಗೆ ಮುಖ ಬಿಗಿದುಕೊಂಡು ನಿಯಮ ಹೇಳುವಾಗಲೂ, ಅವಳು ನೇರ ನೋಡಿದರೆ ಸಾಕು, ಕಿವಿಯ ತುದಿ ಕೆಂಪೇರುತ್ತಿತ್ತು. ಬೆಲ್ಟು ಬಿಗಿಯುವಾಗ ಅವನು ಮುಂದೆ ಬಂದು ಮಂಡಿಯೂರಿ, ಅವಳ ಕೈಗೆ ತಾಗದಂತೆ ಬಕಲ್ ಹಾಕುತ್ತಿದ್ದ. ಆಗ ಆ ಕಿವಿ ಸರಿಯಾಗಿ ಅವಳ ಕಣ್ಣೆದುರಿಗೆ. ಒಂದು ದಿನ ಮೇಜಿಗೆ ಮರಳಿದವಳು ಯಾರಿಗೂ ಹೇಳದೆ ಕಪಾಟು ತೆಗೆದು, ಕೆಂಪುಗಳ ಸಾಲಿನಲ್ಲಿ ಹುಡುಕಿ, ದಾಸವಾಳವೂ ಅಲ್ಲದ ಇಟ್ಟಿಗೆಯೂ ಅಲ್ಲದ ಒಂದು ರೀಲು ಹೊರಗೆ ತೆಗೆದಳು. ಉತ್ತರದ ಬೆಳಕಿನಲ್ಲಿ ಹಿಡಿದಳು. ಇದೇ. ಕೋಟಿನ ನೀಲಿ ಇನ್ನೂ ಸಿಕ್ಕಿರಲಿಲ್ಲ, ಕಿವಿಯ ಕೆಂಪು ಒಂದೇ ಏಟಿಗೆ ಸಿಕ್ಕಿತು.

"ಯಾರದು ಆ ಗಂಟೆ ಹೊಡೆಯೋನು?" ಎಂದು ಮನೆಯಲ್ಲಿ ಅಜ್ಜಿ ಕೇಳಿದಳು. ಅವಳಿಗೂ ಅಜ್ಜಿಗೂ ಮಧ್ಯೆ ಇರುವುದು ಎರಡು ಕೋಣೆ, ಒಂದು ಬಾಲ್ಕನಿ. ಗುಟ್ಟಿಡಲು ಜಾಗವಿಲ್ಲ.

"ಒಬ್ಬ ಅಧಿಕಪ್ರಸಂಗಿ. ಉಸಿರಾಡೋಕೂ ನಿಯಮ ಇದೆ ಅಂತಾನೆ."

"ಊಟಕ್ಕೆ ಕೂತ್ರೂ ಅವನನ್ನ ಬೈತೀಯ, ಕೈ ತೊಳೆದ್ರೂ ಬೈತೀಯ. ನಿಮ್ಮ ತಾತನಿಗೂ ನಾನು ಇಷ್ಟು ಬೈದಿರ್ಲಿಲ್ಲ, ಮದುವೆಗೆ ಮುಂಚೆ."

"ಅಜ್ಜೀ!"

"ನಾನೇನಂದೆ? ಅನ್ನ ಹಾಕ್ಕೋ ಅಂದೆ."

*

ಆದರೆ ಅವಳ ಒಳಗೊಂದು ಮುಳ್ಳಿತ್ತು. ಅದನ್ನು ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕೂತು, ಮುಖ ಕಾಣುವುದಿಲ್ಲವೆಂಬ ಧೈರ್ಯದಲ್ಲಿ ಹೊರಗೆ ಹಾಕಿದಳು.

"ಯಾರು ಫೋನ್ ಎತ್ತಿದ್ರೂ ಹೀಗೇ ಹೇಳ್ತೀರಾ? ಅಲ್ಲೇ ಇರಿ, ಬರ್ತಿದ್ದೀನಿ ಅಂತ?"

ಹಿಂದಿನಿಂದ ದನಿ ಬಂತು. "ಹೌದು. ಹಾಗೇ ಹೇಳ್ಬೇಕು ಅಂತ ನಿಯಮ."

"ಓಹೋ."

"ಯಾಕೆ?"

"ಏನಿಲ್ಲ. ಸುಮ್ನೆ ಕೇಳ್ದೆ."

ಸುಮ್ಮನೆ ಕೇಳಿದ್ದಾಗಿರಲಿಲ್ಲ. ಕಟ್ಟಡದಲ್ಲಿ ಇರುವ ಯಾರಿಗಾದರೂ, ನೆಲ ಒರೆಸುವವರಿಗೆ, ಬಿಲ್ಲೆ ಸಿಕ್ಕಿಸಿಕೊಂಡು ಬರುವ ಸಂದರ್ಶಕರಿಗೆ, ಮ್ಯಾನೇಜರಿಗೂ ಆ ದನಿ ಅದನ್ನೇ ಹೇಳುತ್ತದೆ. ತಾನು ಮಾತ್ರ ಅದನ್ನು ರಾತ್ರಿ ಮಗ್ಗುಲು ಬದಲಿಸುವಾಗ ನೆನೆಸಿಕೊಳ್ಳುತ್ತಿದ್ದೇನೆ. ಎಂಥ ಪೆದ್ದಿ! ಮರುದಿನ ಅಭ್ಯಾಸಕ್ಕೆ ತಲೆನೋವು ಎಂದಳು. ಅದರ ಮರುದಿನ ಕೆಲಸ ಜಾಸ್ತಿ ಎಂದಳು. ಅವನು ಫೋನಿನಲ್ಲಿ "ಸರಿ, ನಿಮಗೆ ಯಾವಾಗ ಆಗುತ್ತೋ ಆಗ" ಎಂದಷ್ಟೇ ಹೇಳಿದ. ಒತ್ತಾಯ ಮಾಡಬಾರದಿತ್ತೇ ಎಂದು ಅವಳಿಗೆ ಅದಕ್ಕೂ ಸಿಟ್ಟು.

*

ಡ್ರಿಲ್ಲಿನ ದಿನ ಕೋಟಿನ ಅಮ್ಮ ತಾವೇ ಬಂದಿದ್ದರು. ನೀಲಿ ಚೂರು ಕಳಿಸಿದ್ದವರು. ತಲೆ ಬೆಳ್ಳಗಾದ, ಮಂಡಿ ಸೋತ ಹೆಂಗಸು. ಎದೆಯ ಮೇಲೆ ಸಂದರ್ಶಕರ ಬಿಲ್ಲೆ, ಮಡಿಲಲ್ಲಿ ಇಡೀ ಕೋಟು. "ನಮ್ಮೆಜಮಾನ್ರದು. ತೋಳು ಬಿಚ್ಚಿದೆ. ಅವರಿಲ್ಲ, ಕೋಟಾದ್ರೂ ನೆಟ್ಟಗಿರ್ಲಿ ಅಂತ," ಎಂದರು. ಬಣ್ಣದಕ್ಕ ಕೋಟನ್ನು ಕಿಟಕಿಗೆ ಹಿಡಿದು, ತೋಳಿನ ಒಳಮಡಿಕೆ ಬಿಡಿಸುತ್ತಿದ್ದಳು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಕೋಟಿನ ಅಮ್ಮ ಬೆಚ್ಚಿಬಿದ್ದರು. "ಅಯ್ಯೋ, ನಂಗೆ ಇಳಿಯೋಕಾಗಲ್ಲಮ್ಮ!"

"ಇಳಿಯೋದು ಬೇಡ. ಇದು ಬರೀ ಅಭ್ಯಾಸ. ನನ್ನ ಜೊತೆ ಬನ್ನಿ."

ಜನ ಎಂದಿನಂತೆ ದಾಟಿ ಹೋದರು. ರೇಡಿಯೋ ಮಾತ್ರ ನಿಂತು ಅವಳ ಕೈ ಒತ್ತಿ ಹೋದಳು. ಮೆಟ್ಟಿಲ ಬಾಗಿಲ ಒಳಗೆ, ಹಸಿರು ಬೋರ್ಡಿನ ಕೆಳಗಿನ ಬೆಂಚಿನಲ್ಲಿ ಅಮ್ಮನನ್ನು ಕೂರಿಸಿ, ಅವಳು ಫೋನ್ ಎತ್ತಿದಳು.

"ಕೇಳಿಸ್ತಿದೆಯಾ?"

"ಕೇಳಿಸ್ತಿದೆ. ಯಾವ ಮಹಡಿ?"

"ಐದು. ಇಬ್ಬರಿದ್ದೀವಿ. ಒಬ್ಬರು ಸಂದರ್ಶಕರು, ವಯಸ್ಸಾದವರು."

ಆ ದನಿ ಹೇಳಿತು, "ಅಲ್ಲೇ ಇರಿ, ಬರ್ತಿದ್ದೀನಿ."

ಬಂದ. ಕುರ್ಚಿ ಒಂದೇ. ಅವನು ಕುರ್ಚಿ ನೋಡಿದ, ಇಬ್ಬರನ್ನೂ ನೋಡಿದ. ಕೆಳಗೆ ಮ್ಯಾನೇಜರ್ ಗಡಿಯಾರ ನೋಡಿಕೊಂಡು ನಿಂತಿರುವುದು ಇಬ್ಬರಿಗೂ ಗೊತ್ತು. ಮೊದಲು ಅವಳನ್ನು ಇಳಿಸಿದರೆ ಕಿಟಕಿ ಉಳಿಯುತ್ತದೆ.

"ಅವರನ್ನ ಕರ್ಕೊಂಡು ಹೋಗಿ," ಎಂದಳು.

"ಮತ್ತೆ ನೀವು..."

"ಅವರು ಹೆದರಿದ್ದಾರೆ. ನಾನು ಹೆದರಿಲ್ಲ. ಹೋಗಿ."

ಅವನು ಬೆಲ್ಟು ಹಾಕುತ್ತ ತಲೆ ಎತ್ತದೆ ಹೇಳಿದ, "ಮತ್ತೆ ಬರ್ತೀನಿ." ಕೋಟನ್ನು ಅಪ್ಪಿ ಹಿಡಿದ ಅಮ್ಮ ತಿರುವಿನಲ್ಲಿ ಮರೆಯಾದರು. ರಬ್ಬರಿನ ಸದ್ದು ಕೆಳಗೆ ಕೆಳಗೆ ಹೋಗಿ ಅಡಗಿತು.

ಅವಳು ಒಬ್ಬಳೇ ಉಳಿದಳು. ಅದೇ ಬೆಂಚು, ಅದೇ ಬೋರ್ಡು. ಸ್ವಲ್ಪ ಹೊತ್ತಿಗೆ ಗಂಟೆ ನಿಂತಿತು.

ಗಂಟೆ ನಿಂತಿತು ಎಂದರೆ ಮುಗಿಯಿತು. ಅವಳು ಫೋನ್ ಎತ್ತಿದಳು. ಯಾರೂ ಇಲ್ಲ. ಕಿವಿಗೊಟ್ಟರೆ ದೂರದಲ್ಲಿ ಲಿಫ್ಟಿನ ಹೂಂಕಾರ, ಜನರ ಮಾತು, ಯಾರದೋ ನಗು. ಇನ್ನೇನು ಬಾಗಿಲು ತೆರೆಯುತ್ತದೆ. ಅಯ್ಯೋ, ನೀನು ಇಲ್ಲೇ ಇದ್ದೀಯಾ! ಅವಳ ಎದೆಯಲ್ಲಿ ಹಳೆಯದೆಲ್ಲ ಒಟ್ಟಿಗೆ ಎದ್ದು ನಿಂತಿತು. ಕೋಲು ಹಿಡಿದು ಎದ್ದಳು. ಮೊದಲ ಮೆಟ್ಟಿಲ ಮೇಲೆ ಕೋಲು ಊರಿದಳು. ತಾನೇ ಇಳಿದರೆ ಯಾರೂ ನಗುವುದಿಲ್ಲ. ಕಿಟಕಿ ಹೋಗುತ್ತದೆ, ಮಾನ ಉಳಿಯುತ್ತದೆ.

ಮತ್ತೆ ಬರ್ತೀನಿ ಎಂದಿದ್ದ.

ನಿಯಮಕ್ಕೋ ಇನ್ನೊಂದಕ್ಕೋ, ಎಂದಿದ್ದಂತೂ ಹೌದು. ಅವನು ಹೇಳಿ ಮಾಡದ ಮಾತು ಯಾವುದು ಎಂದು ಹುಡುಕಿದಳು. ಒಂದೂ ಸಿಗಲಿಲ್ಲ. ಅವಳು ಕೋಲನ್ನು ಹಿಂದಕ್ಕೆ ತೆಗೆದು ಬೆಂಚಿನಲ್ಲಿ ಕೂತಳು. ಇಷ್ಟು ವರ್ಷದಲ್ಲಿ ಅವಳು ಮಾಡಿದ ಅತಿ ಕಷ್ಟದ ಕೆಲಸ ಅದು, ಸುಮ್ಮನೆ ಕೂರುವುದು.

ಆಗ ಗಂಟೆ ಮತ್ತೆ ಹೊಡೆಯಿತು.

ಇಡೀ ಕಟ್ಟಡ ನಡುಗುವ ಹಾಗೆ ಹೊಡೆಯಿತು. ಲಿಫ್ಟಿನ ಸದ್ದು ಗಕ್ಕನೆ ನಿಂತಿತು, ಕೆಳಗೆಲ್ಲೋ ಗೊಣಗಾಟ ಎದ್ದಿತು. ಗೋಡೆಯ ಫೋನ್ ಬಡಿದುಕೊಂಡಿತು. ಅದು ತಾನಾಗಿ ಬಡಿದುಕೊಂಡದ್ದು ಅವಳು ಯಾವತ್ತೂ ಕೇಳಿರಲಿಲ್ಲ.

"ಕೇಳಿಸ್ತಿದೆಯಾ?" ಈ ಸಲ ಕೇಳಿದವನು ಅವನು.

"ಕೇಳಿಸ್ತಿದೆ," ಎಂದಳು. ಕೆನ್ನೆ ಒರೆಸಿಕೊಂಡಳು. "ಗಂಟೆ ನಿಲ್ಲಿಸಿದ್ದು ಯಾರು?"

"ಮ್ಯಾನೇಜರ್. ಸಾಕು, ತಡ ಆಯ್ತು ಅಂತ ಎಲ್ಲರನ್ನೂ ವಾಪಸ್ ಕಳಿಸ್ತಿದ್ರು."

"ಮತ್ತೆ ಹೊಡೆದಿದ್ದು?"

"ಇನ್ಯಾರು, ಗಂಟೆರಾಯ."

ಅವನಿಗೆ ಆ ಹೆಸರು ಗೊತ್ತಿತ್ತು! ಅವಳಿಗೆ ಅಳುವಿನ ನಡುವೆ ನಗು ಬಂತು.

"ಕೊನೆಯವರು ಅಂಗಳಕ್ಕೆ ಬರೋವರೆಗೆ ಡ್ರಿಲ್ ಮುಗಿಯಲ್ಲ ಅಂದೆ. ಎಲ್ಲರೂ ಬಿಸಿಲಲ್ಲಿ ನಿಂತಿದ್ದಾರೆ, ನಿಮಗೋಸ್ಕರ. ಅಲ್ಲೇ ಇರಿ, ಬರ್ತಿದ್ದೀನಿ."

ಬೂಟಿನ ಸದ್ದು ಬಂತು. ಎಂದಿಗಿಂತ ಬೇಗ ಬಂತು. ಅವನ ಕೂದಲು ಹಣೆಗೆ ಅಂಟಿತ್ತು, ಒಂದು ಬೂಟಿನ ಲೇಸು ಬಿಚ್ಚಿತ್ತು. ಅವಳು ಕುರ್ಚಿಯಲ್ಲಿ ಕೂತಳು. ಅವನು ಬೆಲ್ಟು ಹಾಕಿದ. ಕುರ್ಚಿ ನಾಲ್ಕನೇ ಮಹಡಿ ದಾಟಿತು.

"ಆವತ್ತು ನೀವು ಕೇಳಿದ್ರಲ್ಲ," ಎಂದಿತು ಹಿಂದಿನ ದನಿ, "ಯಾರು ಫೋನ್ ಎತ್ತಿದ್ರೂ ಹೀಗೇ ಹೇಳ್ತೀರಾ ಅಂತ. ನಾನು ಅರ್ಧ ಉತ್ತರ ಕೊಟ್ಟೆ."

"ಇನ್ನರ್ಧ?"

"ಬರ್ತೀನಿ ಅನ್ನೋದು ಎಲ್ಲರಿಗೂ. ಮೆಟ್ಟಿಲು ಎರಡೆರಡು ಹಾರಿ ಬರೋದು ನಿಮಗೆ ಮಾತ್ರ. ನಿಯಮದಲ್ಲಿ ಅದು ತಪ್ಪು. ಓಡಬಾರದು ಅಂತಿದೆ."

ಅವಳ ಕಣ್ಣಿಗೆ ಮುಂದಿನ ಮೆಟ್ಟಿಲೆಲ್ಲ ಕಲಸಿಹೋಯಿತು. "ನಿಲ್ಲಿಸಿ," ಎಂದಳು.

"ನೋವಾಯ್ತಾ?"

"ನಿಲ್ಲಿಸಿ ಅಂದೆ. ತಿರುವಿನಲ್ಲಿ ನಿಲ್ಲಿಸಿ, ಬ್ರೇಕ್ ಹಾಕಿ, ಮುಂದೆ ಬಂದು ಹೇಳಿ. ಹಿಂದೆ ನಿಂತು ಹೇಳೋದು ಯಾವ ನಿಯಮ?"

ಅವನು ಬ್ರೇಕ್ ಹಾಕಿದ. ಎರಡು ಸಲ ಪರೀಕ್ಷಿಸಿದ. ಇಂಥ ಹೊತ್ತಿನಲ್ಲೂ ಅವನು ಅವನೇ. ಮುಂದೆ ಬಂದು ಕುಕ್ಕರುಗಾಲಿನಲ್ಲಿ ಕೂತ. ಈಗ ಮುಖಕ್ಕೆ ಮುಖ.

"ನೀವಂದ್ರೆ ನನಗೆ ಇಷ್ಟ," ಎಂದ. "ಮೂರನೇ ಮಹಡೀಲಿ ದಾರಿ ಬಿಡಿ ಅಂದ್ರಲ್ಲ, ಆವತ್ತಿಂದ. ಎಲ್ಲರೂ ನಿಮ್ಮನ್ನ ದಾಟಿ ಹೋಗಿದ್ರು. ನನಗೆ ದಾಟೋಕೆ ಮನಸ್ಸಾಗ್ಲಿಲ್ಲ. ಈಗ್ಲೂ ಆಗಲ್ಲ."

ಅವಳು ಅವನನ್ನು ನೋಡಿದಳು. ಕಿವಿ ಮಾತ್ರವಲ್ಲ, ಕುತ್ತಿಗೆಯವರೆಗೆ ಕೆಂಪಾಗಿತ್ತು.

"ನಿಮ್ಮ ಕಿವಿಯ ಬಣ್ಣಕ್ಕೆ ನಮ್ಮಲ್ಲಿ ದಾರ ಇದೆ," ಎಂದಳು.

"ಏನು?"

"ಹುಡುಕಿಟ್ಟಿದ್ದೀನಿ. ಮೇಜಿನ ಡ್ರಾಯರಲ್ಲಿದೆ. ತುಂಬಾ ದಿನ ಆಯ್ತು." ಅವಳು ಕೈ ಚಾಚಿ ಆ ಕಿವಿಯ ತುದಿಯನ್ನು ಒಂದು ಬೆರಳಿನಿಂದ ಮುಟ್ಟಿದಳು. ಬಿಸಿಯಾಗಿತ್ತು. "ನನಗೂ ಇಷ್ಟ. ಇಷ್ಟ ಇಲ್ಲದವರ ಕಿವಿ ಯಾರ್ರೀ ನೋಡ್ತಾರೆ?"

ಅವನು ಆ ಕೈಯನ್ನು ಹಿಡಿದುಕೊಂಡ. ಮೇಲೆ ಗಂಟೆ ಹೊಡೆಯುತ್ತಲೇ ಇತ್ತು.

"ಕೆಳಗೆ ಎಲ್ಲರೂ ಬಿಸಿಲಲ್ಲಿದ್ದಾರೆ," ಎಂದ.

"ಇರ್ಲಿ ಬಿಡಿ. ನಾನೂ ಒಂದು ದಿನ ಅವರಿಗೆ ಕಾದಿದ್ದೆ."

*

ಅಂಗಳದಲ್ಲಿ ಹಳದಿ ಬಣ್ಣ ಬಳಿದ ಚೌಕದೊಳಗೆ ಇಡೀ ಕಂಪನಿ ನಿಂತಿತ್ತು. ಕುರ್ಚಿ ಮುಂಬಾಗಿಲು ದಾಟಿದಾಗ ಮೊದಲು ಚಪ್ಪಾಳೆ ತಟ್ಟಿದ್ದು ಬೆಂಚಿನಲ್ಲಿ ಕೂತಿದ್ದ ಕೋಟಿನ ಅಮ್ಮ. ರೇಡಿಯೋ ಇಬ್ಬರ ಮುಖವನ್ನೂ ಒಮ್ಮೆ ನೋಡಿ, ಜೀವನದಲ್ಲಿ ಮೊದಲ ಬಾರಿಗೆ ಸುದ್ದಿಯನ್ನು ನುಂಗಿಕೊಂಡು ಸುಮ್ಮನೆ ಕಣ್ಣೊರೆಸಿಕೊಂಡಳು.

ಮ್ಯಾನೇಜರ್ ಕರ್ಚೀಫಿನಿಂದ ಬೋಳುತಲೆ ಒರೆಸುತ್ತ ಬಂದರು. "ಏನ್ರೀ ಇದು, ಇಷ್ಟು ಹೊತ್ತು?"

"ಮೊದಲು ಸಂದರ್ಶಕರು, ಆಮೇಲೆ ಸಿಬ್ಬಂದಿ. ಇಬ್ಬರೂ ಸುರಕ್ಷಿತವಾಗಿ ಬಂದಿದ್ದಾರೆ ಸಾರ್. ಮಧ್ಯೆ ಗಂಟೆ ನಿಲ್ಲಿಸದೇ ಇದ್ದಿದ್ರೆ ಇನ್ನೂ ಬೇಗ ಆಗ್ತಿತ್ತು."

ಮ್ಯಾನೇಜರ್ ಗಡಿಯಾರ ನೋಡಿಕೊಂಡರು. ಅಷ್ಟರಲ್ಲಿ ಕೋಟಿನ ಅಮ್ಮ, "ಆ ಹುಡುಗಿ ತಾನು ಕೂತು ನನ್ನನ್ನ ಕಳಿಸಿದ್ಲಪ್ಪ. ನನ್ನ ಕೋಟಿಗೆ ದಾರ ಅವಳೇ ಹುಡುಕ್ಬೇಕು, ಆ ಕಿಟಕಿ ಹತ್ರಾನೇ," ಎಂದರು. ಗಿರಾಕಿಯ ಮಾತು. ಅದೂ ಅಷ್ಟು ಜನರ ಎದುರಿಗೆ.

"ಆಯ್ತು, ಆಯ್ತು. ಮೇಜು ಅಲ್ಲೇ ಇರ್ಲಿ," ಎಂದರು ಮ್ಯಾನೇಜರ್. "ಇನ್ನೊಂದು ಕುರ್ಚೀನೂ ತರಿಸಿ. ಮೊದಲು ಆ ಗಂಟೆ ನಿಲ್ಲಿಸ್ರೀ ಮಾರಾಯರೇ, ತಲೆ ಸಿಡೀತಿದೆ!"

ಕೋಟಿನ ನೀಲಿ ಅದೇ ಮಧ್ಯಾಹ್ನ ಸಿಕ್ಕಿತು. ಬಿಸಿಲು ಕಾಣದ ಒಳಮಡಿಕೆಯಲ್ಲಿ ಅದರ ನಿಜವಾದ ಬಣ್ಣ ಅಡಗಿ ಕೂತಿತ್ತು.

ಸಂಜೆ ಎಲ್ಲರೂ ಹೋದ ಮೇಲೆ ಅವಳು ಮೇಜಿನ ಡ್ರಾಯರಿನಿಂದ ಕೆಂಪು ರೀಲು ತೆಗೆದು ಚೀಲಕ್ಕೆ ಹಾಕಿಕೊಂಡಳು. ಲಿಫ್ಟಿನ ಹತ್ತಿರ ಹೋದವಳು ನಿಂತಳು, ಯೋಚಿಸಿದಳು, ಮೆಟ್ಟಿಲ ಬಾಗಿಲು ತಳ್ಳಿ ಒಳಗೆ ಬಂದು ಗೋಡೆಯ ಫೋನ್ ಎತ್ತಿದಳು.

"ಕೇಳಿಸ್ತಿದೆಯಾ?"

"ಕೇಳಿಸ್ತಿದೆ. ಯಾವ ಮಹಡಿ?"

"ಗೊತ್ತಿಲ್ಲದವರ ಹಾಗೆ ಕೇಳ್ತೀರಲ್ಲ. ಇವತ್ತು ಕುರ್ಚಿ ತರ್ಬೇಡಿ."

"ಲಿಫ್ಟ್ ಕೆಟ್ಟಿದೆಯಾ?"

"ಇಲ್ಲ, ಚೆನ್ನಾಗೇ ಇದೆ. ನನಗೆ ನಡ್ಕೊಂಡು ಇಳಿಯೋಣ ಅನ್ನಿಸ್ತಿದೆ. ನಿಧಾನ ಆಗುತ್ತೆ. ಪಕ್ಕದಲ್ಲಿ ಒಬ್ರು ಬೇಕು, ಮುಂದೆ ಅಲ್ಲ, ಹಿಂದೆ ಅಲ್ಲ."

ಆ ಕಡೆ ಅವನು ನಕ್ಕದ್ದು ಕೇಳಿಸಿತು.

"ಅಲ್ಲೇ ಇರಿ," ಎಂದ.

ಅವಳು ಫೋನ್ ಇಟ್ಟು, ಕೋಲನ್ನು ಗೋಡೆಗೆ ಒರಗಿಸಿ, ಹಸಿರು ಬೋರ್ಡಿನ ಕೆಳಗೆ ಕೂತು ಕಾದಳು. ಕೆಳಗಿನಿಂದ ಬೂಟಿನ ಸದ್ದು ಆಗಲೇ ಕೇಳುತ್ತಿತ್ತು, ಎರಡೆರಡು ಮೆಟ್ಟಿಲಿಗೆ ಒಂದರಂತೆ.